ಅಧ್ಯಕ್ಷೆಯ ಎಡಗಿವಿ

ಮಾರ್ಚ್ ೩, ಸೋಮವಾರ

ಈ ಪುಸ್ತಕವನ್ನು ನನ್ನನ್ನು ಬಿಟ್ಟು ಬೇರೆ ಯಾರಾದರೂ ಓದಿದರೆ, ಮರುದಿನ ಅವರ ಬೂಟಿನೊಳಗೆ ಏನಿರುತ್ತದೆ ಎಂಬುದಕ್ಕೆ ಲೇಖಕಿ ಹೊಣೆಯಲ್ಲ.

ಗಡೀಪಾರಿನ ಮೊದಲ ದಿನ. ಅಪರಾಧಿ: ನಾನು, ವಯಸ್ಸು ಹತ್ತೊಂಬತ್ತು. ಅಪರಾಧ: ಕಾಲೇಜಿನ ಲಿಫ್ಟ್ ಕೆಟ್ಟು ವರ್ಷ ತುಂಬಿದ ಸಂದರ್ಭದಲ್ಲಿ, ಪ್ರಿನ್ಸಿಪಾಲರ ಧ್ವನಿಯಲ್ಲಿ ಮೈಕಿನಿಂದ ಸಂತಾಪ ಸಭೆ ಘೋಷಿಸಿದ್ದು. "ನಮ್ಮನ್ನಗಲಿದ ಲಿಫ್ಟಿನ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಮೌನ ಆಚರಿಸತಕ್ಕದ್ದು" ಎಂದೆ. ಎಲ್ಲರೂ ನಿಂತರು. ಅಂದು ತಪಾಸಣೆಗೆಂದು ಬಂದಿದ್ದ ದೊಡ್ಡ ಮನುಷ್ಯರೂ ತಲೆ ತಗ್ಗಿಸಿ ನಿಂತುಬಿಟ್ಟದ್ದೇ ಯಡವಟ್ಟಾಯಿತು. ಪಾಪ, ಪ್ರಿನ್ಸಿಪಾಲರೂ ನಿಂತರು, ತಮ್ಮ ದನಿ ಎಲ್ಲಿಂದ ಬರುತ್ತಿದೆ ಎಂದು ಯೋಚಿಸುತ್ತ. ಶಿಕ್ಷೆ: ಬೇಸಿಗೆ ಮುಗಿಯುವವರೆಗೆ ಕಾಲೇಜಿನ ಗೇಟಿನೊಳಗೆ ಕಾಲಿಡುವಂತಿಲ್ಲ.

ಅಪ್ಪ ನಗಲಿಲ್ಲ. ಅಮ್ಮ ಅಡುಗೆಮನೆಗೆ ಹೋಗಿ ನಕ್ಕು, ಮುಖ ಒರೆಸಿಕೊಂಡು ಬಂದು, ಆಮೇಲೆ ಬೈದಳು.

"ನಿನ್ನ ಅತ್ತೆ ಹತ್ರ ಹೋಗು. ಕೈಗೆ ಗ್ರೀಸ್ ಹತ್ತಿದ್ರೆ ತಲೆ ನೆಟ್ಟಗಾಗುತ್ತೆ" ಎಂದ ಅಪ್ಪ.

ಅತ್ತೆ ಎಂದರೆ ಅಪ್ಪನ ಅಕ್ಕ. ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್. ಡಿಪೋದ ಹಿಂಬದಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಾಳೆ. ಮಾತನ್ನು ಸ್ಪ್ಯಾನರಿನ ಹಾಗೆ ಬಳಸುತ್ತಾಳೆ, ಬೇಕಾದ ಸೈಜಿನದನ್ನು ಮಾತ್ರ ತೆಗೆಯುವುದು. ನನ್ನನ್ನು ಕಂಡು ಅವಳು ತೆಗೆದದ್ದು ಇಷ್ಟು:

"ಬೆಕ್ಕು ಹಿಡಿಯೋಕೆ ಬರುತ್ತಾ?"

"ಇಲ್ಲ."

"ಕಲೀತೀಯ."

ಮಾರ್ಚ್ ೪, ಮಂಗಳವಾರ

ನನ್ನ ಶಿಕ್ಷೆಯ ಸ್ವರೂಪ ಸ್ಪಷ್ಟವಾಯಿತು. ಈ ಡಿಪೋದಲ್ಲಿ ಬಸ್ಸುಗಳಷ್ಟೇ ಬೆಕ್ಕುಗಳೂ ಇವೆ. ಯಾರ ಮನೆಯವೂ ಅಲ್ಲ, ಮುಟ್ಟಿಸಿಕೊಳ್ಳುವವೂ ಅಲ್ಲ. ಟೈರ್ ರಾಶಿಯ ಹಿಂದೆ, ಬಸ್ಸಿನ ಅಡಿಯಲ್ಲಿ, ಸ್ಟೋರ್ ರೂಮಿನ ಸೂರಿನಲ್ಲಿ, ಎಲ್ಲೆಂದರಲ್ಲಿ ಒಂದು ಜೊತೆ ಕಣ್ಣು. ನನ್ನನ್ನು ನೋಡಿ ಎಲ್ಲವೂ ಒಟ್ಟಿಗೆ ಮುಖ ತಿರುಗಿಸಿದವು. ಇಷ್ಟು ಶಿಸ್ತಿನ ಬಹಿಷ್ಕಾರವನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ.

ಮ್ಯಾನೇಜರಿಗೆ ಈ ಬೆಕ್ಕುಗಳು ಬೇಡ. ಬೆಳಿಗ್ಗೆ ಅಂಗಳದಲ್ಲಿಯೇ ಅತ್ತೆಯನ್ನು ನಿಲ್ಲಿಸಿ ಹೇಳಿದರು:

"ನೋಡಮ್ಮಾ, ಹೋದ ವರ್ಷ ಇವಕ್ಕೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸ್ತೀನಿ ಅಂದ್ರಿ, ನಾನು ಒಪ್ಪಿದೆ. ಮಾಡಿಸಿದ್ರಿ, ಅದೂ ಸರಿ. ಆದ್ರೆ ಇನ್ನೊಂದೇ ಒಂದು ಮರಿ ಈ ಡಿಪೋದಲ್ಲಿ ನನ್ನ ಕಣ್ಣಿಗೆ ಬಿತ್ತು ಅಂದ್ರೆ, ಕಂಟ್ರಾಕ್ಟರನ್ನ ಕರೆಸ್ತೀನಿ. ಚೀಲ ತರ್ತಾನೆ, ಎಲ್ಲವನ್ನೂ ತುಂಬ್ಕೊಂಡು ಹೋಗ್ತಾನೆ."

"ಎಲ್ಲಿಗೆ?" ಎಂದೆ ನಾನು.

"ಅದನ್ನ ನಾನು ಕೇಳೋದಿಲ್ಲ" ಎಂದರು. ಮುಖ ಬೇರೆ ಕಡೆ ಇತ್ತು.

ಅವರು ಹೋದ ಮೇಲೆ ಅತ್ತೆಗೆ ಹೇಳಿದೆ, "ಒಂದು ಕಡೆಯಿಂದ ನೋಡಿದ್ರೆ ಅದೇ ಸುಲಭ ಅಲ್ವಾ ಅತ್ತೆ? ಎಲ್ಲೋ ದೂರ ಬಿಟ್ಟು ಬಂದ್ರೆ ಮುಗೀತು."

"ಬಸ್ಸಲ್ಲಿ ಒಬ್ಬ ಎದ್ದು ಹೋದ್ರೆ ಸೀಟು ಖಾಲಿ ಇರುತ್ತಾ?"

"ಇಲ್ಲ."

"ಇದೂ ಹಾಗೇ ಕಣೇ. ಇಲ್ಲಿ ಇಲಿ ಇದೆ, ಬೆಚ್ಚಗಿರೋ ಇಂಜಿನ್ ಇದೆ. ಇವನ್ನ ಎಬ್ಬಿಸಿದ್ರೆ ಬೇರೆಯವು ಬಂದು ಕೂರ್ತವೆ. ಅವಕ್ಕೆ ಆಪರೇಷನ್ ಆಗಿರಲ್ಲ. ಮತ್ತೆ ಮರಿ, ಮತ್ತೆ ಚೀಲ. ಇವೇ ಇರ್ಲಿ. ಮರಿ ಹಾಕದೆ, ಹೊಡೆದಾಡದೆ, ಹೊಟ್ಟೆ ತುಂಬ ತಿಂದ್ಕೊಂಡು ಇರ್ಲಿ. ಸೀಟು ಭರ್ತಿ."

ಇದು ಅತ್ತೆಯ ಜೀವಮಾನದ ಅತಿ ದೀರ್ಘ ಭಾಷಣವಿರಬೇಕು. ಮುಗಿಸಿ, ದಣಿದವಳಂತೆ ಬಸ್ಸಿನ ಅಡಿಗೆ ಜಾರಿದಳು.

ಮಾರ್ಚ್ ೬, ಗುರುವಾರ

ಬೆಕ್ಕು ಹಿಡಿಯುವ ಶಾಸ್ತ್ರದ ಮುಖ್ಯ ಸೂತ್ರಗಳು, ಮುಂದಿನ ಪೀಳಿಗೆಯ ಉಪಯೋಗಕ್ಕಾಗಿ:

ಹಿಂದಿನ ದಿನ ಊಟ ಹಾಕಬಾರದು. ಹಸಿದ ಬೆಕ್ಕೇ ಬಲೆಗೆ ಬೀಳುವುದು. ತಂತಿಜಾಲರಿಯ ಪೆಟ್ಟಿಗೆಯೊಂದನ್ನು ಕೋಲಿನ ಮೇಲೆ ಓರೆಯಾಗಿ ನಿಲ್ಲಿಸಿ, ಒಳಗೆ ಮೀನಿಟ್ಟು, ಕೋಲಿಗೆ ಕಟ್ಟಿದ ದಾರ ಹಿಡಿದು ದೂರ ಕೂರಬೇಕು. ಬೇಕಾದ ಬೆಕ್ಕು ಪೂರ್ತಿ ಒಳಗೆ ಹೋಗುವವರೆಗೆ ಉಸಿರೂ ಎತ್ತಬಾರದು. ಎಳೆದ ಕೂಡಲೇ ಮೇಲೆ ಬಟ್ಟೆ ಹೊದಿಸಬೇಕು, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಆಮೇಲೆ ಪಶು ಆಸ್ಪತ್ರೆಯ ಡಾಕ್ಟರಮ್ಮನ ಬಳಿ. ಆಪರೇಷನ್ ಆದದ್ದಕ್ಕೆ ಗುರುತಾಗಿ, ಮಂಪರಿನಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಒಂಚೂರು ಕತ್ತರಿಸುತ್ತಾರೆ. ಅಂದರೆ ದೂರದಿಂದ ನೋಡಿದರೂ ತಿಳಿಯುತ್ತದೆ: ಎಡಗಿವಿ ಮೊಟುಕಾಗಿದ್ದರೆ ಕೆಲಸ ಮುಗಿದಿದೆ, ಮತ್ತೆ ಹಿಡಿದು ಹಿಂಸೆ ಮಾಡಬೇಕಿಲ್ಲ.

ಬಾಗಿಲ ಮೇಲೆ ಬಕೆಟ್ ಇಟ್ಟು ದಾರ ಹಿಡಿದು ಗಂಟೆಗಟ್ಟಲೆ ಕಾದ ನನ್ನ ಬಾಲ್ಯ ವ್ಯರ್ಥವಾಗಲಿಲ್ಲ. ಮೊದಲ ಪ್ರಯತ್ನದಲ್ಲೇ ಒಂದು ಹೊಸ ಗಂಡು ಬಿತ್ತು. ಮಸಿ ಮೆತ್ತಿದ ಮೂತಿ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹ್ಞೂಂ" ಎಂದಳು. ಇದನ್ನು ಪದಕವೆಂದು ಸ್ವೀಕರಿಸಿದ್ದೇನೆ.

ಇನ್ನೂ ಆಪರೇಷನ್ ಆಗದವು ನಾಲ್ಕೈದು ಇರಬಹುದಂತೆ. ದೂರದಿಂದ ಕಿವಿಗಳನ್ನು ನೋಡಿ ಬರುವುದು ನನ್ನ ಕೆಲಸ. ನೋಡಿದೆ. ನೀರಿನ ಟ್ಯಾಂಕಿನ ಮೇಲೆ ಕೂತು ಇಡೀ ಅಂಗಳವನ್ನು ಗಮನಿಸುವ ಬೂದು ಬಣ್ಣದ ಹೆಣ್ಣು ಬೆಕ್ಕು ಒಂದಿದೆ. ಸಭೆ ಕರೆದಿರುವ ಗತ್ತು. ಅಧ್ಯಕ್ಷೆ ಎಂದು ನಾಮಕರಣ ಮಾಡಿದೆ. ಅಧ್ಯಕ್ಷೆಯ ಎಡಗಿವಿ ಮೊಟುಕು. ಬೇರೆಯವರದರಂತೆ ನೇರವಾಗಿಲ್ಲ, ಒಂದು ಅಂಚು ಚಿಂದಿ ಚಿಂದಿ. ಅಂದು ಡಾಕ್ಟರಮ್ಮನ ಕತ್ತರಿಗೆ ಜ್ವರ ಬಂದಿತ್ತೋ ಏನೋ.

"ಬೂದಿದು?" ಎಂದು ಅತ್ತೆ ಕೇಳಿದಾಗ, "ಕಿವಿ ಆಗಿದೆ" ಎಂದೆ.

"ಆಗಿದ್ರೆ ಬಿಡು" ಎಂದಳು.

ಮಾರ್ಚ್ ೭, ಶುಕ್ರವಾರ

ಇಂದು ಮಹತ್ವದ ಪ್ರಕಟಣೆ ಹೊರಬಿತ್ತು. ಮ್ಯಾನೇಜರ್ ಟೀ ಕುಡಿಯಲು ಇಳಿದಿದ್ದಾಗ ಮೇಲಿನ ಅವರ ಕೋಣೆಯ ಮೈಕಿನಿಂದ, ಅವರದೇ ಧ್ವನಿಯಲ್ಲಿ: "ಏಳನೇ ನಂಬರ್ ಬಸ್ಸಿನ ಚಾಲಕರ ಮೀಸೆಯು ಇಂದು ನಿಗದಿತ ಅಗಲಕ್ಕಿಂತ ಹೆಚ್ಚಾಗಿರುವುದರಿಂದ, ಸದರಿ ಮೀಸೆಯನ್ನು ಗೇಟಿನಲ್ಲಿ ಓರೆಯಾಗಿ ಹೊರತರತಕ್ಕದ್ದು."

ಡ್ರೈವರ್ ನಿಜವಾಗಿಯೂ ಒಂದು ಕ್ಷಣ ಮೀಸೆ ಮುಟ್ಟಿಕೊಂಡ. ಕಂಡಕ್ಟರ್ ನೆಲದ ಮೇಲೆ ಕೂತು ನಕ್ಕ. ಮ್ಯಾನೇಜರ್ ಮಾತ್ರ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತರು.

"ಇನ್ಮೇಲೆ ನೀನು ಬೆಂಕಿ ಬಿತ್ತು ಅಂತ ಓಡಿ ಬಂದ್ರೂ ನಾನು ಟೀ ಮುಗಿಸಿಯೇ ಏಳೋದು. ತಿಳೀತಾ?"

"ತಿಳೀತು ಸರ್" ಎಂದೆ ಅತ್ಯಂತ ಗಂಭೀರವಾಗಿ. ಅದೂ ಅವರಿಗೆ ಹಿಡಿಸಲಿಲ್ಲ.

ಮಾರ್ಚ್ ೧೧, ಮಂಗಳವಾರ

ಉಳಿದವೂ ಸಿಕ್ಕವು. ಕೊನೆಯದು ಮಹಾ ಜಾಣೆ, ಮೂರು ಬಾರಿ ಮೀನಿನ ವಾಸನೆ ನೋಡಿ ನನ್ನ ದಾರವನ್ನೇ ನೋಡುತ್ತ ಕೂತಳು. ಕೊನೆಗೆ ಅವಳಿಗೆ ಬೆನ್ನು ಹಾಕಿ ಕನ್ನಡಿಯ ತುಂಡಿನಲ್ಲಿ ನೋಡುತ್ತ ಎಳೆದೆ.

ಇಂದು ಎಲ್ಲವನ್ನೂ ತಂದು ಅಂಗಳದಲ್ಲಿ ಬಿಟ್ಟೆವು. ಬಾಗಿಲು ಎತ್ತಿದ್ದೇ ತಡ, ಗುಂಡಿನಂತೆ ಹೋದವು. ಒಂದು ಥ್ಯಾಂಕ್ಸ್ ಇಲ್ಲ.

"ಹಿಂಗೆ ಬಿಟ್ಟು ಹೋದವ್ರನ್ನ ನಾನು ಬಸ್ಸಲ್ಲೂ ಕಂಡಿದೀನಿ" ಎಂದ ಕಂಡಕ್ಟರ್. "ಟಿಕೆಟ್ ತಗೊಳ್ಳೋ ಮುಂಚೆ ಇಳಿದು ಓಡೋರು."

ಅತ್ತೆ ಮ್ಯಾನೇಜರ್ ಬಳಿ ಹೋಗಿ, "ಇನ್ನು ಮರಿ ಹುಟ್ಟಲ್ಲ ಸರ್. ನಾನು ಮಾತು ಕೊಡ್ತೀನಿ" ಎಂದಳು. ಅತ್ತೆ ಮಾತು ಕೊಡುವುದು ಅಪರೂಪ. ಅವಳ ಬಳಿ ಇರುವ ಮಾತೇ ಅಷ್ಟು.

ಮ್ಯಾನೇಜರ್ ಅವಳ ಕೈ ಕುಲುಕಿದರು. ಗ್ರೀಸ್ ಹತ್ತಿತು. ಒರೆಸಿಕೊಳ್ಳಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಬೇಸರ. ಹಿಡಿಯಲು ಬೆಕ್ಕಿಲ್ಲ. ದಿನವಿಡೀ ನಟ್ಟು ಬೋಲ್ಟು ಸೈಜಿನ ಪ್ರಕಾರ ಜೋಡಿಸಿದೆ.

ಅಧ್ಯಕ್ಷೆಯವರು ಅಧಿಕಾರದಲ್ಲಿರುವವರ ಸಹಜ ರೋಗಕ್ಕೆ ತುತ್ತಾಗಿದ್ದಾರೆ: ಹೊಟ್ಟೆ ಬರುತ್ತಿದೆ. ಟ್ಯಾಂಕಿನ ಮೇಲೆ ಹಾರಲು ಎರಡು ಸಲ ಯೋಚಿಸುತ್ತಾರೆ. ಕಂಡಕ್ಟರನಿಗೆ ತೋರಿಸಿದರೆ, "ಎಲ್ಲಾ ನನ್ನ ಡಬ್ಬಿ ಪ್ರಸಾದ. ನನ್ನ ಹೆಂಡ್ತಿ ಕೈ ಅಡುಗೆ ಬೆಕ್ಕಿಗಾದ್ರೂ ಹಿಡಿಸ್ತಲ್ಲ" ಎಂದ.

ಮಾರ್ಚ್ ೧೭, ಸೋಮವಾರ

ಅಮ್ಮ ಫೋನ್ ಮಾಡಿದಳು. ಅಪ್ಪ ಮಾತಾಡಲಿಲ್ಲ. ಹಿಂದೆ ಟಿವಿ ದನಿ ಕಡಿಮೆ ಮಾಡಿದ್ದು ಕೇಳಿಸಿತು.

ಬೇರೇನಿಲ್ಲ.

ಮಾರ್ಚ್ ೧೯, ಬುಧವಾರ

ಎರಡು ದಿನ ಕಾಣದಿದ್ದ ಅಧ್ಯಕ್ಷೆ ಇವತ್ತು ಊಟದ ಹೊತ್ತಿಗೆ ಬಂದರು. ಪಥ್ಯ ಹಿಡಿದಂತಿದೆ, ಸೊರಗಿದ್ದಾರೆ. ಆದರೆ ತಿಂದ ರೀತಿ ನೋಡಿದರೆ ಪಥ್ಯ ಎನ್ನಲಾಗದು. ಬಟ್ಟಲು ನೆಕ್ಕಿ, ಪಕ್ಕದವನ ಬಟ್ಟಲನ್ನೂ ನೆಕ್ಕಿ, ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ಗೋಡೆ ಪಕ್ಕ ನಿಂತಿರುವ ಸ್ಪೇರ್ ಬಸ್ಸಿನತ್ತ ಓಡಿದರು. ಪದತ್ಯಾಗ ಮಾಡಿದರೇ?

ಮಾರ್ಚ್ ೨೧, ಶುಕ್ರವಾರ

ಇವತ್ತು ಜೋಕಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಒಂದು ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅತ್ತೆ ಟೂಲ್ ಡಬ್ಬಿ ಹಿಡಿದು ಆ ಕಡೆ ಹೋದಳು. ಬದಲಿಗೆ ಸ್ಪೇರ್ ಬಸ್ಸನ್ನು ಹೊರಡಿಸಿದರು. ನಾನೇ ಗೇಟು ತೆರೆದೆ. ಚಾಲಕನಿಗೆ ಸೆಲ್ಯೂಟ್ ಕೂಡ ಹೊಡೆದೆ.

ಗೇಟು ಹಾಕಿ ಬರುವಾಗ ಅಧ್ಯಕ್ಷೆ ಸ್ಟೋರ್ ರೂಮಿನ ಕಡೆಯಿಂದ ಓಡಿ ಬಂದಳು. ಬಸ್ಸು ನಿಂತಿದ್ದ ಜಾಗಕ್ಕೆ ಬಂದು ನಿಂತಳು. ಎಣ್ಣೆ ಕಲೆಗಳಷ್ಟೇ ಇದ್ದವು. ಮೂಸಿದಳು. ಸುತ್ತು ಹಾಕಿದಳು. ಆಮೇಲೆ ಕೂಗತೊಡಗಿದಳು. ಬೆಕ್ಕು ಹಾಗೆ ಕೂಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಎಷ್ಟೋ ಪ್ರಾಣಿಗಳ ದನಿ ಅನುಕರಿಸುತ್ತೇನೆ, ಇದನ್ನು ಮಾಡಲಾರೆ.

ಸ್ಟೋರ್ ರೂಮಿಗೆ ಓಡಿದೆ. ಹಳೆ ಟೈರಿನೊಳಗೆ, ಕಣ್ಣು ಬಿಡದ ಒಂದೇ ಒಂದು ಮರಿ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು.

ಆಗ ಎಲ್ಲ ಒಟ್ಟಿಗೆ ಅರ್ಥವಾಯಿತು. ಹೊಟ್ಟೆ. ಪಥ್ಯ. ಚಿಂದಿ ಅಂಚಿನ ಕಿವಿ. ಅವಳು ಸ್ಪೇರ್ ಬಸ್ಸಿನಲ್ಲಿ ಹೆತ್ತು, ಮರಿಗಳನ್ನು ಒಂದೊಂದಾಗಿ ಇಲ್ಲಿಗೆ ಸಾಗಿಸುತ್ತಿದ್ದಳು. ಮೊದಲನೆಯದನ್ನು ಇಟ್ಟು ಎರಡನೆಯದಕ್ಕೆ ಹೋಗುವಷ್ಟರಲ್ಲಿ ನಾನು ಗೇಟು ತೆರೆದು ಸೆಲ್ಯೂಟ್ ಹೊಡೆದಿದ್ದೆ.

ಅತ್ತೆಗೆ ಫೋನ್ ಮಾಡಿದೆ. ಅದು ಸ್ಟೋರಿನ ಮೊಳೆಗೆ ನೇತು ಹಾಕಿದ ಅವಳ ಕೋಟಿನೊಳಗೇ ರಿಂಗಾಯಿತು.

ಮೇಲಿನ ಕೋಣೆಗೆ ಹತ್ತಿದೆ. ಮ್ಯಾನೇಜರ್ ಇರಲಿಲ್ಲ. ಮೇಜಿನ ಮೇಲೆ ಬಸ್ಸುಗಳ ಜೊತೆ ಮಾತಾಡುವ ವೈರ್‌ಲೆಸ್. ಅವರ ಧ್ವನಿ ನನ್ನ ಗಂಟಲಲ್ಲೇ ಇದೆ. "ಸ್ಪೇರ್ ಬಸ್, ಹಿಂದಿನಿಂದ ಹೊಗೆ ಬರ್ತಿದೆಯಂತೆ, ಜನರನ್ನ ಇಳಿಸಿ ಕೂಡಲೇ ವಾಪಸ್ ಬಾ." ಇಷ್ಟೇ ಸಾಕು. ಬಸ್ಸು ಬರುತ್ತದೆ, ಮರಿಗಳನ್ನು ಅಂಗಿಯೊಳಗೆ ಹಾಕಿಕೊಳ್ಳುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಯ ಮಾತೂ ಉಳಿಯುತ್ತದೆ.

ವೈರ್‌ಲೆಸ್ ಎತ್ತಿದೆ. ಗುಂಡಿಯನ್ನೂ ಒತ್ತಿದೆ. ಆ ಕಡೆಯಿಂದ ಡ್ರೈವರ್, "ಹೇಳಿ ಸರ್" ಎಂದ. ಅವನ ಹಿಂದೆ ಬಸ್ಸು ತುಂಬ ಜನ. ಯಾರೋ ಮಗುವನ್ನು ಸಮಾಧಾನ ಮಾಡುತ್ತಿದ್ದರು, ಯಾರೋ ಕೆಮ್ಮುತ್ತಿದ್ದರು. ಹೊಗೆ ಎಂದರೆ ಇವನು ಎಲ್ಲೆಂದರಲ್ಲಿ ಬ್ರೇಕ್ ಹಾಕುತ್ತಾನೆ. ಆ ಜನರೆಲ್ಲ ಒಬ್ಬರ ಮೇಲೊಬ್ಬರು ಬಾಗಿಲಿಗೆ ನುಗ್ಗುತ್ತಾರೆ.

ಕೆಳಗಿಟ್ಟೆ.

ತಿರುಗಿದರೆ ಬಾಗಿಲಲ್ಲಿ ಮ್ಯಾನೇಜರ್, ಕೈಯಲ್ಲಿ ಟೀ.

"ಯಾರ ಮೀಸೆ ಇವತ್ತು?"

"ಸರ್, ಮರಿ."

"ಏನು?"

"ಮರಿ ಹಾಕಿದೆ. ಬಸ್ಸಲ್ಲಿ. ಸ್ಪೇರ್ ಬಸ್ಸಲ್ಲಿ ಹೋಗ್ಬಿಟ್ವು."

"ಚೆನ್ನಾಗಿದೆ. ಮುಂದೆ?"

ಎಷ್ಟೆಲ್ಲ ಸುಳ್ಳನ್ನು ನೆಟ್ಟಗೆ ನಿಂತು ಹೇಳಿದ್ದೇನೆ. ಇವತ್ತು ಕಿಟಕಿ ಕಡೆ ಕೈ ತೋರಿಸಿದೆ ಅಷ್ಟೆ. ಅವರು ಬಗ್ಗಿ ನೋಡಿದರು. ಖಾಲಿ ಜಾಗದಲ್ಲಿ ಅವಳು ಸುತ್ತುತ್ತಲೇ ಇದ್ದಳು.

"ಅದಾ" ಎಂದರು. "ಅದಕ್ಕೆ ಆಪರೇಷನ್ ಆಗಿಲ್ಲ."

"ಕಿವಿ ಕಟ್ಟಾಗಿದೆಯಲ್ಲ ಸರ್..."

"ಅದನ್ನ ಕತ್ತರಿಸಿದ್ದು ಡಾಕ್ಟರಲ್ಲ, ಫ್ಯಾನ್ ಬೆಲ್ಟು. ಹೋದ ಚಳಿಗಾಲದಲ್ಲಿ. ನಿಮ್ಮತ್ತೆ ಕೈ ಮುರ್ಕೊಂಡು ರಜದಲ್ಲಿದ್ರು. ಬೆಳಿಗ್ಗೆ ಮೆಕ್ಯಾನಿಕ್ ಇಲ್ಲ ಅಂತ ನಾನೇ ಬಸ್ ಸ್ಟಾರ್ಟ್ ಮಾಡಿದೆ. ಇಂಜಿನ್ ಒಳಗೆ ಎರಡು ಮಲಗಿದ್ವು. ಇದು ಕಿವಿ ಕಳ್ಕೊಂಡು ಓಡ್ತು. ಇನ್ನೊಂದು..." ಟೀ ಲೋಟ ಮೇಜಿನ ಮೇಲಿಟ್ಟರು. "ಆವತ್ತಿನಿಂದ ಇವು ಇಲ್ಲಿ ಇರೋದೇ ಬೇಡ ಅಂತ ನಾನು ಹೇಳ್ತಿರೋದು. ಯಾರಿಗೂ ಯಾಕೆ ಅಂತ ಹೇಳಿರ್ಲಿಲ್ಲ."

ವೈರ್‌ಲೆಸ್ ತೆಗೆದುಕೊಂಡು ಡ್ರೈವರನನ್ನು ಕರೆದರು. ಸೀಟುಗಳ ಕೆಳಗೆಲ್ಲ ಬೆಕ್ಕಿನ ಮರಿಗಳಿವೆಯಾ ನೋಡಲು ಕಂಡಕ್ಟರನಿಗೆ ಹೇಳು, ಬಸ್ಸನ್ನು ಮುಂದಿನ ಸ್ಟಾಪಿನಲ್ಲೇ ನಿಲ್ಲಿಸು, ಗಾಬರಿ ಬೇಡ ಎಂದರು.

"ಅಯ್ಯೋ ಹೌದಾ ಸರ್?" ಎಂದ ಡ್ರೈವರ್. "ಹಿಂದೆ ಕೀಂ ಕೀಂ ಅಂತಿದೆ ಅಂತ ಅಜ್ಜಿಯೊಬ್ರು ಆಗ್ಲಿಂದ ಹೇಳ್ತಿದಾರೆ. ಬ್ರೇಕ್ ಸದ್ದು ಅಜ್ಜೀ ಅಂತ ಬಾಯಿ ಮುಚ್ಚಿಸ್ಬಿಟ್ಟಿದ್ದೆ."

ಕಂಡಕ್ಟರ್ ಎದುರಿನಿಂದ ಬರುವ ಬಸ್ಸು ಹತ್ತಿ ವಾಪಸ್ ಬಂದ. ತಲೆಯ ಮೇಲೆ ಟೋಪಿಯಿರಲಿಲ್ಲ, ಎರಡು ಕೈಯಲ್ಲಿ ಹಿಡಿದಿದ್ದ. ಒಳಗೆ ಎರಡು ಮರಿ. ಜೋಕ್ ಹೇಳುತ್ತಾನೆಂದು ನೋಡಿದೆ. ಹೇಳಲಿಲ್ಲ.

"ಒಂದು ತಣ್ಣಗಿದೆ. ಬೇಗ ಹಿಡ್ಕೊ" ಎಂದ.

ತಣ್ಣಗಿದ್ದದ್ದನ್ನು ಅಂಗಿಯೊಳಗೆ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನನ್ನು ಚಿವುಟಿತು. ಮೂರನ್ನೂ ಟೈರಿನೊಳಗಿಟ್ಟು ಆಚೆ ಬಂದೆ. ಅಧ್ಯಕ್ಷೆ ನನ್ನನ್ನು ದಾಟಿಕೊಂಡು ಒಳಗೆ ಹೋದಳು.

ಮಾರ್ಚ್ ೨೨, ಶನಿವಾರ

ನಿನ್ನೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ವೈರ್‌ಲೆಸ್ ಎತ್ತಿದ್ದನ್ನೂ. ಅವಳು ಕೈ ತೊಳೆಯುತ್ತಿದ್ದಳು, ತೊಳೆಯುತ್ತಲೇ ಇದ್ದಳು.

"ನಿನ್ನ ಮಾತು ಹೋಯ್ತಲ್ಲ ಅತ್ತೆ" ಎಂದೆ.

"ಹೋಯ್ತು." ನಲ್ಲಿ ನಿಲ್ಲಿಸಿದಳು. "ಹತ್ರದಿಂದ ನೋಡದೆ ಕೊಟ್ಟ ಮಾತು ಅದು. ನಿಂದಲ್ಲ ತಪ್ಪು. ದೂರದಿಂದ ಕಿವಿ ನೋಡು ಅಂದವಳು ನಾನು."

ಇವತ್ತು ಮ್ಯಾನೇಜರ್ ಹೇಳಿದರು: ಮೂರು ಮರಿಯನ್ನು ಡಿಪೋ ಪೂರ್ತಿ ಜನ ನೋಡಿದ್ದಾರೆ. ತಾವು ಎಲ್ಲರೆದುರು ಆಡಿದ್ದನ್ನು ಮಾಡದಿದ್ದರೆ ಆಗುವುದಿಲ್ಲ. ಸೋಮವಾರ ಕಂಟ್ರಾಕ್ಟರ್ ಬರುತ್ತಾನೆ.

ಹೇಳುವಾಗ ಅವರು ನಮ್ಮ ಬೂಟುಗಳನ್ನು ನೋಡುತ್ತಿದ್ದರು.

ಕಂಟ್ರಾಕ್ಟರನ ದಾರಿ ತಪ್ಪಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಅವನಿಗೆ ಮ್ಯಾನೇಜರ್ ಧ್ವನಿಯಲ್ಲಿ ಒಂದು ಫೋನ್ ಸಾಕು. ಅತ್ತೆಗೆ ಹೇಳಿದೆ.

"ಒಂದು ಸೋಮವಾರ ತಪ್ಪಿಸಬಹುದು" ಎಂದಳು. "ಮುಂದಿನ ಸೋಮವಾರ?"

ಮಾರ್ಚ್ ೨೪, ಸೋಮವಾರ

ಕಂಟ್ರಾಕ್ಟರ್ ಬಂದ. ರಾಕ್ಷಸನನ್ನು ನಿರೀಕ್ಷಿಸಿದ್ದೆ, ನೆಗಡಿಯಾದ ಒಬ್ಬ ಸಪೂರ ಮನುಷ್ಯ. ಹೆಗಲ ಮೇಲೆ ಚೀಲಗಳು, ಕೈಯಲ್ಲಿ ಕುಣಿಕೆ ಹಾಕಿದ ಉದ್ದ ಕೋಲು.

"ಯಾವ್ದು ಹಿಡೀಬೇಕು ತೋರ್ಸಿ ಸರ್."

ಮ್ಯಾನೇಜರೇ ಅವನ ಜೊತೆ ಹೊರಟರು. ಅತ್ತೆ ಬಸ್ಸಿನ ಅಡಿಯಲ್ಲಿದ್ದಳು, ಹೊರಗೆ ಬರಲಿಲ್ಲ. ಅವಳ ಕಾಲುಗಳು ಮಾತ್ರ ಕಾಣುತ್ತಿದ್ದವು, ಅಲ್ಲಾಡದೆ. ನಾನು ಹಿಂದೆ ಹಿಂದೆ ಹೋದೆ.

ಮೊದಲಿಗೆ ಸ್ಟೋರ್ ರೂಮು. ಅಧ್ಯಕ್ಷೆ ಟೈರಿನೊಳಗೆ ಒರಗಿದ್ದಳು, ಮರಿಗಳು ಹಾಲು ಕುಡಿಯುತ್ತಿದ್ದವು. ಕೋಲು ಕಂಡು ಅವಳು ಓಡಲಿಲ್ಲ. ಕಿವಿ ಹಿಂದಕ್ಕೆ ಮಡಚಿ, ಮರಿಗಳ ಮೇಲೆ ಇನ್ನಷ್ಟು ಅಗಲವಾಗಿ ಮಲಗಿದಳು.

"ಇದು ಬೇಡ" ಎಂದರು ಮ್ಯಾನೇಜರ್. "ಹಾಲು ಕುಡೀತಿವೆ. ಆಮೇಲೆ ನೋಡೋಣ."

ಹೊರಗೆ ಬಂದರೆ ಮಸಿಮೂತಿ ಎದುರಾದ. ಕಂಟ್ರಾಕ್ಟರ್ ಕೋಲು ಎತ್ತಿದ.

"ಅದು... ಅದಕ್ಕೆ ಮೊನ್ನೆ ಮೊನ್ನೆ ಆಪರೇಷನ್ ಆಗಿದೆ. ಹೊಲಿಗೆ ಇರುತ್ತೆ. ಬೇಡ."

"ಆ ಕಡೆ ಇರೋದು?"

"ಅದು ವಯಸ್ಸಾದ್ದು. ಹಲ್ಲಿಲ್ಲ ಅದಕ್ಕೆ."

"ನಿಮಗೆ ಹೆಂಗೆ ಗೊತ್ತು ಸರ್ ಹಲ್ಲಿಲ್ಲ ಅಂತ?"

ಮ್ಯಾನೇಜರ್ ಕೆಮ್ಮಿದರು. "ನನ್ನ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ಕೊಟ್ರೆ ಮಾತ್ರ ತಿನ್ನೋದು."

ಹೀಗೆ ಡಿಪೋ ಪೂರ್ತಿ ಸುತ್ತಿದೆವು. ಒಂದು ಇಲಿ ಹಿಡಿಯುವುದರಲ್ಲಿ ಗಟ್ಟಿಗ. ಒಂದು ಕುಂಟುತ್ತದೆ, ಅದನ್ನು ಹಿಡಿಯುವುದು ಸರಿಯಲ್ಲ. ಒಂದು ಬರೀ ಹೆದರುಪುಕ್ಕಲು, ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. ಇನ್ನೊಂದಕ್ಕೆ ಕಾರಣವೇ ಸಿಗದೆ, "ಅದು ಈಗಷ್ಟೇ ಮಲಗಿದೆ" ಎಂದರು.

ಕೊನೆಗೆ ಕಂಟ್ರಾಕ್ಟರ್ ಕೋಲನ್ನು ನೆಲಕ್ಕೂರಿ, ಮೂಗು ಒರೆಸಿಕೊಂಡ. "ಸರ್, ನಾನು ಯಾವುದನ್ನ ಹಿಡೀಲಿ?"

ಮ್ಯಾನೇಜರ್ ಅಂಗಳದ ನಡುವೆ ನಿಂತು ಸುತ್ತ ನೋಡಿದರು. ಪ್ರತಿ ಬಸ್ಸಿನ ಅಡಿಯಿಂದಲೂ ಒಂದು ಜೊತೆ ಕಣ್ಣು.

"ಟೀ ಕುಡ್ಕೊಂಡು ಹೋಗಪ್ಪಾ" ಎಂದರು.

ಬಸ್ಸಿನ ಅಡಿಯ ಕಾಲುಗಳು ಒಮ್ಮೆ ಚಾಚಿಕೊಂಡು ಸಡಿಲವಾದವು.

ಆಮೇಲೆ ಅವರು ಬಗ್ಗಿ ಅತ್ತೆಗೆ ಹೇಳಿದ್ದು: "ಈ ಸಲ ಕಿವಿ ನೋಡಿ ಹೇಳೋದಲ್ಲ. ಒಂದೊಂದನ್ನೂ ಹಿಡಿದು, ಹೊಟ್ಟೆ ಮುಟ್ಟಿ ನೋಡಿ, ಡಾಕ್ಟರ್ ಹತ್ರ ಖಾತ್ರಿ ಮಾಡಿಸಿ. ನಾನೂ ಇರ್ತೀನಿ."

"ಎಲ್ಲಿ ಇರ್ತೀರಾ?" ಎಂದಿತು ಬಸ್ಸಿನ ಅಡಿ.

"ದಾರ ಹಿಡೀತೀನಿ."

"ದಾರ ಇವಳದು" ಎಂದಳು ಅತ್ತೆ. "ನೀವು ಬಟ್ಟೆ ಹೊದಿಸಿ."

ಏಪ್ರಿಲ್ ೧೩, ಭಾನುವಾರ

ಮ್ಯಾನೇಜರ್ ಬಟ್ಟೆ ಹೊದಿಸುವುದರಲ್ಲಿ ಬಹಳ ನಿಧಾನ. ಆಟವಾಡುವ ಮಗುವಿಗೆ ಅಂಗಿ ತೊಡಿಸುವವರ ಹಾಗೆ. ಎಲ್ಲವನ್ನೂ ಹಿಡಿದು ನೋಡಿ ಆಯಿತು. ಅಧ್ಯಕ್ಷೆಯನ್ನು ಬಿಟ್ಟರೆ ತಪ್ಪಿದ್ದು ಯಾವುದೂ ಇರಲಿಲ್ಲ.

"ಕಿವಿ ನೋಡಿ ನಾನೂ ಮೋಸ ಹೋಗ್ತಿದ್ದೆ" ಎಂದರು ಡಾಕ್ಟರಮ್ಮ. "ಮರಿ ಹಾಲು ಬಿಟ್ಟ ಮೇಲೆ ಅದನ್ನ ತನ್ನಿ. ಮರಿಗಳನ್ನ ಈಗಿಂದಲೇ ಕೈಯಲ್ಲಿ ಎತ್ತಿ ಆಡಿಸಿ, ಮನುಷ್ಯರ ವಾಸನೆ ಅಭ್ಯಾಸವಾದ್ರೆ ಮನೆಗಳಿಗೆ ಕೊಡಬಹುದು. ತಾಯಿ ಮಾತ್ರ ಇನ್ನು ಪಳಗಲ್ಲ. ಅದರ ಮನೆ ಡಿಪೋನೇ."

ಹಾಗಾಗಿ ದಿನವೂ ಮರಿಗಳ ಜೊತೆ ಕೂರುತ್ತೇನೆ. ಅಂದು ತಣ್ಣಗಿದ್ದದ್ದು ನನ್ನ ತೋಳಿನಲ್ಲಿಯೇ ನಿದ್ದೆ ಹೋಗುತ್ತದೆ. ಅಧ್ಯಕ್ಷೆ ಬಾಗಿಲಲ್ಲಿ ಕೂತು ನೋಡುತ್ತಾಳೆ. ಉಗುರು ತೆಗೆಯುವುದಿಲ್ಲ, ಹತ್ತಿರ ಬರುವುದೂ ಇಲ್ಲ.

ಅಪ್ಪ ಫೋನಿನಲ್ಲಿ, "ಏನ್ ಮಾಡ್ತಿದೀಯ?" ಎಂದ. "ಶ್! ಮಲಗಿದೆ" ಎಂದೆ. ಅವನೂ ದನಿ ತಗ್ಗಿಸಿ ಮಾತಾಡಿದ.

ಮೇ ೧೫, ಗುರುವಾರ

ಮರಿಗಳು ಹೋದವು. ಎರಡು ಡಾಕ್ಟರಮ್ಮನ ಪರಿಚಯದ ಮನೆಗೆ. ನನ್ನದು, ಅಂದರೆ ಅಂದು ತಣ್ಣಗಿದ್ದದ್ದು, ಕಂಡಕ್ಟರನ ಮನೆಗೆ. ಅವನ ಹೆಂಡತಿಯೇ ಬಂದಿದ್ದರು. ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡರು. "ರಾತ್ರಿ ಅತ್ತರೆ ಪಕ್ಕದಲ್ಲಿ ಮಲಗಿಸ್ಕೊಳ್ಳಿ" ಎಂದು ಹೇಳಬೇಕೆಂದಿದ್ದೆ, ಅವರೇ ಹೇಳಿದರು.

ಅಧ್ಯಕ್ಷೆಯನ್ನು ಆಪರೇಷನ್ನಿಗೆ ಬಿಟ್ಟು ಬಂದೆವು.

ಮೇ ೧೬, ಶುಕ್ರವಾರ

ಸಂಜೆ ಅವಳನ್ನು ತಂದು ಬಿಟ್ಟೆವು. ಬಾಗಿಲು ಎತ್ತಿದೆ. ಬೇರೆಯವರಂತೆ ಎಲ್ಲೆಂದರಲ್ಲಿ ಓಡಲಿಲ್ಲ, ನೇರ ಸ್ಟೋರ್ ರೂಮಿಗೆ ಹೋದಳು. ಟೈರಿನೊಳಗೆ ಇಣುಕಿದಳು. ಆ ಟೈರು, ಪಕ್ಕದ ಟೈರು, ಅದರ ಪಕ್ಕದ್ದು.

ಕೂಗುತ್ತಿದ್ದಾಳೆ.

"ಎಷ್ಟು ದಿನ ಹೀಗೆ?" ಎಂದು ಅತ್ತೆಯನ್ನು ಕೇಳಿದೆ.

"ಎರಡು ದಿನ, ಮೂರು ದಿನ."

"ನಾವು ಮಾಡಿದ್ದು ಸರಿ ತಾನೆ?"

"ಸರಿ" ಎಂದಳು. "ಸರಿಯಾದ್ದಕ್ಕೂ ನೋವಾಗುತ್ತೆ ಕಣೇ" ಎಂದು, ಸ್ಟೋರ್ ರೂಮಿನ ದೀಪ ಆರಿಸದೆ ಹೋದಳು.

ಮೇ ೧೭, ಶನಿವಾರ

ಕೂಗುತ್ತಿದ್ದಾಳೆ. ಮೀನು ಮುಟ್ಟಿಲ್ಲ. ಪಕ್ಕದಲ್ಲಿ, ಅವಳು ಬಿಡುವಷ್ಟು ದೂರದಲ್ಲಿ, ಕೂತಿದ್ದೆ.

ಕಂಡಕ್ಟರನ ಹೆಂಡತಿ ಫೋನ್ ಮಾಡಿದರು. ಅಲ್ಲಿ ಮರಿ ದಿಂಬಿನ ಮೇಲೆ ಮಲಗಿದೆಯಂತೆ. ಅಧ್ಯಕ್ಷೆಗೆ ಹೇಳಿದೆ. ಇಂಥದ್ದನ್ನು ಬೆಕ್ಕಿಗೆ ಹೇಳುವುದು ದಡ್ಡತನ. ಆದರೂ ಹೇಳಿದೆ.

ಮೇ ೧೮, ಭಾನುವಾರ

ಬೆಳಿಗ್ಗೆ ಕೂಗು. ಮಧ್ಯಾಹ್ನ ಕಡಿಮೆ. ಸಂಜೆ ಒಂದೆರಡು ಸಲ, ಮೊದಲಿನಷ್ಟು ಜೋರಾಗಿ ಅಲ್ಲ.

ಇವತ್ತು ರಜ. ಆದರೂ ಮ್ಯಾನೇಜರ್ ಬಂದಿದ್ದರು. ಮೇಲೆ ಏನೋ ಕೆಲಸವಿತ್ತಂತೆ.

ಮೇ ೧೯, ಸೋಮವಾರ

ಅಂಗಳದಲ್ಲಿ ಇಂಜಿನ್ನುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟೈರುಗಳ ನಡುವೆ ಹುಡುಕಿದೆ, ಇರಲಿಲ್ಲ. ಬಸ್ಸುಗಳ ಅಡಿಯಲ್ಲೂ ಇರಲಿಲ್ಲ. ಆಮೇಲೆ ನೋಡಿದರೆ ನನ್ನ ಹಿಂದೆಯೇ ಇದ್ದಳು, ಬಟ್ಟಲಿನ ಎದುರು. ನಾನು ತಿರುಗಿದ್ದಕ್ಕೆ ತಲೆ ಎತ್ತಿ ನೋಡಿ, ಮತ್ತೆ ತಿನ್ನತೊಡಗಿದಳು. ಪೂರ್ತಿ ತಿಂದಳು. ಮೂತಿ ಒರೆಸಿಕೊಂಡು ಬಿಸಿಲಿಗೆ ಮಲಗಿದಳು.

ಮೇಲೆ ಕಿಟಕಿ ತೆರೆಯಿತು. ಮ್ಯಾನೇಜರ್ ಬಗ್ಗಿ, ಅವಳು ಏಳದಿರಲೆಂದು ದನಿ ಹೊರಡಿಸದೆ, ಕೈಯನ್ನು ಬಾಯಿಗೆ ಒಯ್ದು ಸನ್ನೆ ಮಾಡಿ ಕೇಳಿದರು: ತಿಂತಾ?

ತಿಂತು, ಎಂದು ತಲೆ ಆಡಿಸಿದೆ.

ಅವರು ಕಿಟಕಿ ಮುಚ್ಚಲಿಲ್ಲ. ನಾನೂ ಬಟ್ಟಲು ತೊಳೆಯಲು ಏಳಲಿಲ್ಲ.